ಕೊನೇ ಹಾಳೆ

ಕೋಡಿಬಾಗದಲ್ಲಿ, ಕಾಳಿ ಸೇತುವೆ ಇಳಿದ ಕೂಡಲೇ,
ಎಸ್ಪೆರಾನ್ಸ ಬಾಯಿಯ ಬಾರು.
ಗೋಡೆ ತುಂಬ ಪುಸ್ತಕ, ಮೇಜಿಗೊಂದು ಓದುವ ದೀಪ.
ಮೂವತ್ತು ಎಂಎಲ್ಲಿಗೆ ಇಲ್ಲಿ ಮುನ್ನುಡಿ ಅನ್ನುತ್ತಾರೆ,
ಅರವತ್ತಕ್ಕೆ ಅಧ್ಯಾಯ,
ಕ್ವಾರ್ಟರಿಗೆ ಸಂಪುಟ.
ಬಂಗುಡೆ ಫ್ರೈ ತಿಂದ ಕೈಯಲ್ಲಿ ಹಾಳೆ ಮುಟ್ಟಿದರೆ
ಇಪ್ಪತ್ತು ರೂಪಾಯಿ ದಂಡ.
ಆದರೂ ಮುಟ್ಟುತ್ತಾರೆ. ಅದಕ್ಕೇ ನನಗೆ ಕೆಲಸ:
ನಾನು ರಟ್ಟು ಕಟ್ಟುವವಳು, ವಾರಕ್ಕೆರಡು ದಿನ,
ಮೈದಾ ಅಂಟು, ನೂಲು, ದಬ್ಬಣ.

ಸತ್ತವನು ಪುರುಸೊ ರೇವಣಕರ.
ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು, ಗೊತ್ತು.
ಆದರೆ ಆತ ಪತ್ತೇದಾರಿ ಕಾದಂಬರಿಗಳ ಕೊನೇ ಹಾಳೆ ಹರಿದು
ಜೇಬಿಗೆ ಹಾಕಿಕೊಳ್ಳುತ್ತಿದ್ದ.
ಕೊಂದವರು ಯಾರು ಅಂತ ತಿಳಿಯಬೇಕಾ?
ಒಂದು ಅಧ್ಯಾಯ ಕೊಡಿಸು.
ಹೀಗೆ ಎರಡು ವರ್ಷ ಪುಕ್ಕಟೆ ಕುಡಿದ.

ಮಂಗಳವಾರ ರಾತ್ರಿ ಕರೆಂಟು ಹೋಯಿತು, ಹತ್ತು ನಿಮಿಷ.
ಬಂದಾಗ ರೇವಣಕರ ಮೇಜಿನ ಮೇಲೆ ತಲೆಯಿಟ್ಟಿದ್ದ,
ಓದುತ್ತ ನಿದ್ದೆ ಹೋದವರ ಹಾಗೆ.
ಕೋಕಂ ಶರಬತ್ತು ಚೆಲ್ಲಿದೆ ಅಂದುಕೊಂಡೆವು.

ಪಿಎಸ್ಐ ಹುಲಸ್ವಾರ ಬಂದು ಕಪಾಟು ನೋಡಿದರು.
ನಿಘಂಟಿನ ಮೂರನೇ ಸಂಪುಟ, ಮೂರು ಕಿಲೋ, ಮೂಲೆ ಜಜ್ಜಿದೆ,
ತಲೆಕೆಳಗಾಗಿ ನಿಂತಿದೆ.
"ಇಲ್ಲಿ ಓದು ಬಾರದವರು ಯಾರು?"
ಎಲ್ಲರೂ ಅಡುಗೆಮನೆ ಕಡೆ ನೋಡಿದರು.
ದೇವು ತಾಂಡೇಲ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ.
ಏಳನೇ ವಯಸ್ಸಿಗೆ ದೋಣಿ ಹತ್ತಿದವನು,
ಸಂಬಳದ ವಹಿಗೆ ಇವತ್ತಿಗೂ ಹೆಬ್ಬೆಟ್ಟು.

ಜೀಪಿನ ಬಾಗಿಲು ತೆಗೆದಾಗ ಅಂದೆ, ನಿಲ್ಲಿ ಸಾಹೇಬರೇ.
ದಿನಾ ರಾತ್ರಿ ಇಷ್ಟೂ ಪುಸ್ತಕ ಜೋಡಿಸುವವನು ಇವನೇ.
ಇವನಿಗಾಗಿಯೇ ನಾನು ಪ್ರತಿ ಬೆನ್ನಿನ ಬುಡಕ್ಕೆ
ಕೆಂಪು ಚೀಟಿ ಅಂಟಿಸಿದ್ದೇನೆ.
ಕೆಂಪು ಕೆಳಗೆ. ಅಷ್ಟೇ ಪಾಠ.
ನಾಲ್ಕು ವರ್ಷದಲ್ಲಿ ಒಂದೂ ತಪ್ಪಿಲ್ಲ.
ಓದು ಬಾರದವನು ಪುಸ್ತಕ ತಲೆಕೆಳಗಿಡುತ್ತಾನೆ ಅನ್ನುವುದು
ಓದಿದವರಿಗೆ ಮಾತ್ರ ಹೊಳೆಯುವ ಸುಳ್ಳು.

ಕತ್ತಲೆಯಲ್ಲಿ ಕೈತಪ್ಪಿರಬಹುದು, ಅಂದರು ಹುಲಸ್ವಾರ.
ಇರಬಹುದು. ಜೇಬು ತೋರಿಸಿ, ಅಂದೆ.

ಜೇಬಿನಲ್ಲಿ ಮೂವತ್ತೊಂಬತ್ತು ಹಾಳೆ.
ಹರಿದ ಪುಸ್ತಕ ನಲವತ್ತು, ಲೆಕ್ಕ ನನ್ನ ಹತ್ತಿರ ಇತ್ತು.
ಅಂಚಿಗೆ ಅಂಚು ಹೊಂದಿಸುತ್ತ ಕೂತೆ.
ಯಾರೋ ಚಹಾ ತಂದರು, ಆರಿತು.
ಉಳಿದದ್ದು ಹಳದಿ ರಟ್ಟಿನ ಒಂದು ತೆಳ್ಳನೆಯ ಪುಸ್ತಕ,
ಮೊದಲ ಪುಟದಲ್ಲಿ ನೀಲಿ ಶಾಯಿ:
ಮಂದಾಕಿನಿ ಕೊಠಾರಕರ, ಕಾಜುಬಾಗ.

ಕಿಟಕಿಯ ಮೇಜಿನಲ್ಲಿ ಕೊಠಾರಕರ ಮಾಮ ಕನ್ನಡಕ ಮಡಚಿದರು.
ಬಂದರು ಕಚೇರಿಯ ನಿವೃತ್ತ ಹೆಡ್ ಕ್ಲಾರ್ಕ್.
ಹೆಂಡತಿ ತೀರಿದ ತಿಂಗಳಲ್ಲೇ ಅವಳ ಪುಸ್ತಕವೆಲ್ಲ
ಎರಡು ಗೋಣಿಯಲ್ಲಿ ತುಂಬಿ ಬಾರಿಗೆ ಕೊಟ್ಟವರು;
ಆಮೇಲೆ ದಿನಾ ಬಂದು, ಒಂದೇ ಒಂದು ಮುನ್ನುಡಿ ಹಿಡಿದು,
ಒಂದೊಂದಾಗಿ ಓದುತ್ತಿದ್ದರು.
ಕಥೆಗಲ್ಲವಂತೆ.
ಓದಿ ಮುಗಿಸಿದ ಪುಸ್ತಕದ ಕೊನೆಯಲ್ಲಿ ಆಕೆ
ಪೆನ್ಸಿಲಿನಲ್ಲಿ ಒಂದು ಸಾಲು ಬರೆಯುತ್ತಿದ್ದಳು.

"ಅದೊಂದೇ ಉಳಿದಿತ್ತು ನನಗೆ," ಅಂದರು ಮಾಮ,
"ಸಂಪುಟ ಕೇಳಿದ. ಕೊಡಿಸಿದೆ.
ಕುಡಿದು, ಇನ್ನೊಂದು ಅಂದ."

ಒಳಜೇಬಿನಿಂದ ಹಾಳೆ ತೆಗೆದು
ಹುಲಸ್ವಾರರಿಗಲ್ಲ, ನನಗೆ ಕೊಟ್ಟರು.
"ಅಂಟಿಸಿಬಿಡಮ್ಮ."
ದೇವುವಿನ ಮುಂದೆ ಒಂದು ಕ್ಷಣ ನಿಂತರು. ಏನೂ ಅನ್ನಲಿಲ್ಲ.
ಸಾಕ್ಷಿ ಅದು, ಅಂದ ಹುಲಸ್ವಾರ, ಸ್ವಲ್ಪ ತಡೆದು,
ನಾಳೆ ಪುಸ್ತಕದ ಸಮೇತ ಕೊಟ್ಟರೆ ಸಾಕು ಅಂದರು.

ಆ ರಾತ್ರಿ ದೇವು ಒಲೆ ಹೊತ್ತಿಸಿಕೊಟ್ಟ, ಮೈದಾ ಕಲಸಿದೆ.
ಏನು ಬರೆದಿದೆ, ಓದು, ಅಂದ.
ಓದಿದೆ:
"ಮೂರನೇ ಅಧ್ಯಾಯದಲ್ಲೇ ಗೊತ್ತಾಯಿತು ಇವನೇ ಅಂತ.
ಆದರೂ, ಪಾಪ."

ಯಾರು ಪಾಪ, ಕೊಂದವನೋ ಸತ್ತವನೋ? ಕೇಳಿದ ದೇವು.

ಅಂಟು ಆರಬೇಕು, ಮುಟ್ಟಬೇಡ, ಅಂದೆ.